ಅತ್ತೆಯ ತುಟಿಯ ಮೇಲೆ ಕುಳಿತ ಜೇನುಹುಳ

ಕಸ್ತೂರಿಯ ಚಿತ್ರವನ್ನು ಕೆಡಿಸಿದವಳು ನಾನು. ಕೈ ತಪ್ಪಿ ಅಲ್ಲ, ತಿಳಿಯದೆ ಅಲ್ಲ. ನಿಯಮ ಓದಿ, ಅರ್ಥ ಮಾಡಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಒಂದು ತಾಸು ತಾಳ್ಮೆಯಿಂದ ಕೆಡಿಸಿದೆ. ಹಾಗೆ ನೋಡಿದರೆ ಅದನ್ನು ಇನ್ನಷ್ಟು ಚಂದ ಮಾಡಿಯೇ ಕೆಡಿಸಿದೆ — ಆದ್ದರಿಂದಲೇ ಇಷ್ಟು ವರ್ಷ ನಾನು ಬೇಕೆಂದೇ ಕೆಡಿಸಿದೆನೆಂಬ ಅನುಮಾನ ಯಾರಿಗೂ ಬರಲಿಲ್ಲ.

ಕಸ್ತೂರಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಅಥಣಿ ತಾಲೂಕಿನ ಒಂದು ಹಳ್ಳಿಯಲ್ಲಿ, ದ್ರಾಕ್ಷಿ ತೋಟಕ್ಕೆ ಅಂಟಿಕೊಂಡ ಮನೆಗೆ ನಾವಿಬ್ಬರೂ ಸೊಸೆಯರು. ನಾನು ನಿಪ್ಪಾಣಿಯವಳು. ಮದುವೆಗೆ ಮುಂಚೆ ಅಲ್ಲಿ ಸೋದರಮಾವನ ಸ್ಟುಡಿಯೋದಲ್ಲಿ ಫೋಟೋ ತಿದ್ದುವುದನ್ನು ಕಲಿತಿದ್ದೆ. ಮದುಮಗಳ ಮುಖದ ಮೊಡವೆ ಅಳಿಸುವುದು, ಮುಚ್ಚಿದ ಕಣ್ಣು ತೆರೆಸುವುದು, ತೀರಿಕೊಂಡವರ ಆಧಾರ್ ಕಾರ್ಡಿನ ಚಿತ್ರಕ್ಕೆ ಕೋಟು ತೊಡಿಸಿ ಗೋಡೆಗೆ ತೂಗುಹಾಕುವಂತೆ ಮಾಡಿಕೊಡುವುದು. ಆದರೆ ನನ್ನ ಆಸೆ ಅದಾಗಿರಲಿಲ್ಲ. ನಾನು ಸ್ವತಃ ಚಿತ್ರ ತೆಗೆಯಬೇಕು, ನನ್ನ ಹೆಸರಿನಲ್ಲಿ ಅದು ಎಲ್ಲಾದರೂ ತೂಗಬೇಕು — ಅಷ್ಟೇ ಬೇಕಾಗಿದ್ದದ್ದು. ಸ್ಪರ್ಧೆಗಳಿಗೆ ಚಿತ್ರ ಕಳಿಸುತ್ತಲೇ ಇದ್ದೆ. ಕಳಿಸಿದ ಪ್ರತಿಯೊಂದು ಸ್ಪರ್ಧೆಯ ಹೆಸರನ್ನು ಕಪಾಟಿನ ಬಾಗಿಲಿನ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದೆ. ಗೆದ್ದರೆ ಅದರ ಪಕ್ಕದಲ್ಲಿ ಒಂದು ಗೆರೆ ಎಳೆಯಬೇಕೆಂದು. ಒಂಬತ್ತು ಹೆಸರುಗಳಿದ್ದವು. ಗೆರೆ ಒಂದೂ ಇರಲಿಲ್ಲ.

ಕಸ್ತೂರಿ ಜುಗೂಳದವಳು. ಹೊಳೆದಂಡೆಯಲ್ಲಿ ಎಮ್ಮೆ ಮೇಯಿಸುತ್ತ ಬೆಳೆದು, ಹತ್ತನೆಯ ತರಗತಿಗೆ ಶಾಲೆ ಬಿಟ್ಟು, ಇಪ್ಪತ್ತಕ್ಕೆ ನಮ್ಮ ಮನೆಗೆ ಬಂದಳು. ನಾನು ಹೊಸ ಕ್ಯಾಮೆರಾ ತೆಗೆದುಕೊಂಡಾಗ ಹಳೆಯದನ್ನು ಅವಳಿಗೆ ಕೊಟ್ಟೆ. ಅದು ನನ್ನ ದೊಡ್ಡ ಮನಸ್ಸೆಂದು ಯಾರೂ ತಿಳಿಯಬಾರದು. ಕಲಿಸುವವಳು ಎನ್ನಿಸಿಕೊಳ್ಳುವ ಹುಕಿ ನನಗಿತ್ತು. ಕೆಳಗೊಬ್ಬಳು ಕಲಿಯುವವಳಿದ್ದರೆ ತಾನೇ ನಾನು ಮೇಲೆ? ಅವಳು ಮೊದಲ ವಾರವೇ ಲೆನ್ಸಿನ ಮುಚ್ಚಳ ಕಳೆದುಹಾಕಿದಳು. ಬೈಯುತ್ತೇನೆಂದು ಹೆದರಿ, ರವಿಕೆ ಹೊಲಿದು ಉಳಿದ ಬಟ್ಟೆಯಲ್ಲಿ ದಾರ ಎಳೆದು ಬಿಗಿಯುವ ಪುಟ್ಟ ಟೊಪ್ಪಿಗೆ ಹೊಲಿದು ಅದಕ್ಕೆ ತೊಡಿಸಿದಳು. ನಾನು ಅದನ್ನು ಎಲ್ಲರಿಗೂ ತೋರಿಸಿ ನಕ್ಕೆ. ಅವಳೂ ನಕ್ಕಳು.

ಆರು ವರ್ಷದ ಹಿಂದಿನ ಮಾತು. ಒಂದು ಛಾಯಾಚಿತ್ರ ಸ್ಪರ್ಧೆ ಬಂದಿತ್ತು, ವಿಷಯ ಸುಗ್ಗಿ. ಗೆದ್ದವರಿಗೆ ಧಾರವಾಡದಲ್ಲಿ ಚಿತ್ರಗಳ ಪ್ರದರ್ಶನ, ಜೊತೆಗೆ ಹಿರಿಯ ಛಾಯಾಗ್ರಾಹಕರ ಬಳಿ ಹದಿನೈದು ದಿನದ ತರಬೇತಿ. ಆ ಹದಿನೈದು ದಿನಕ್ಕಾಗಿ ನಾನು ಬಾಯಿ ಬಿಡುತ್ತಿದ್ದೆ. ನಮ್ಮಲ್ಲಿ ಅದು ದ್ರಾಕ್ಷಿ ಒಣಗಿಸುವ ಕಾಲ. ಶೆಡ್ಡಿನಲ್ಲಿ ಬಲೆ ಹಾಸಿ, ಅಂತಸ್ತಿನ ಮೇಲೆ ಅಂತಸ್ತಾಗಿ ಗೊಂಚಲು ಹರಡಿ, ಸುತ್ತ ಹಸಿರು ಪರದೆ ಕಟ್ಟಿರುತ್ತಾರೆ. ಒಣಗಿದ್ದನ್ನು ಹೆಂಗಸರು ಕೆಳಗೆ ಕುಳಿತು ಕಡ್ಡಿ ಬಿಡಿಸಿ ಆರಿಸುತ್ತಾರೆ. ಒಂದು ದಿನ ಬೆಳಿಗ್ಗೆ ನಾನು ಅತ್ತೆಗೆ ಹೊಸ ಇಳಕಲ್ ಸೀರೆ ಉಡಿಸಿ, ಮುಂದೆ ದ್ರಾಕ್ಷಿ ರಾಶಿ ಮಾಡಿಸಿ, ಬಿಳಿ ಥರ್ಮೋಕೋಲ್ ಹಿಡಿಸಿ ಮುಖಕ್ಕೆ ಬೆಳಕು ಹಾಯಿಸಿ, ನಲವತ್ತು ಚಿತ್ರ ತೆಗೆದೆ. ಜೇನುಹುಳಗಳದ್ದೇ ತಲೆನೋವು. ಸಿಹಿಗೆ ಬಂದು ಮುತ್ತುತ್ತಿದ್ದವು, ಅತ್ತೆಯ ಮುಖದ ಮುಂದೆಯೇ ಹಾಯುತ್ತಿದ್ದವು. ಟವೆಲು ಬೀಸಿ ಬೀಸಿ ಓಡಿಸಿದೆ. ನನ್ನ ಕೆಲಸ ಮುಗಿದ ಮೇಲೆ ಅತ್ತೆ ಹೊಸ ಸೀರೆ ಕಳಚಿ, ಹಳೆಯದನ್ನುಟ್ಟು, ಮತ್ತೆ ಆರಿಸಲು ಕುಳಿತರು.

ಕಸ್ತೂರಿ ಚಿತ್ರ ತೆಗೆದದ್ದು ಆಮೇಲೆ.

ಮಧ್ಯಾಹ್ನ ಕ್ಯಾಮೆರಾ ಹಿಡಿದು ನನ್ನ ಕೋಣೆಗೆ ಬಂದಳು. "ಅಕ್ಕಾ, ಇದೊಂದ ನೋಡ್ರಿ, ಅಲಗಾಡೇತೇನ?" ಕಂಪ್ಯೂಟರಿಗೆ ಹಾಕಿ ನೋಡಿದೆ. ಪರದೆಯಿಂದ ಸೋಸಿದ ಹಸಿರು ಬೆಳಕು ಅತ್ತೆಯ ಒಂದು ಕೆನ್ನೆಯ ಮೇಲೆ. ಎರಡೂ ಕೈ ದ್ರಾಕ್ಷಿಯಲ್ಲಿ ಹುಗಿದಿವೆ. ಕೆಳತುಟಿಯ ಮೇಲೆ ಒಂದು ಜೇನುಹುಳ ಕುಳಿತಿದೆ. ಅತ್ತೆ ಹೆದರಿಲ್ಲ, ಕಣ್ಣು ಕೆಳಗಿಳಿಸಿ ಅದನ್ನೇ ನೋಡುತ್ತಿದ್ದಾರೆ, ಗಂಟಲಲ್ಲಿ ನಗು ಹಿಡಿದುಕೊಂಡಿದ್ದಾರೆ. ಎಂಟು ವರ್ಷ ಒಂದೇ ಒಲೆಯ ಮುಂದೆ ಅವರ ಜೊತೆ ಕಳೆದಿದ್ದೆ. ಆ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ನನಗೆ ಹೊಟ್ಟೆಕಿಚ್ಚು ಹತ್ತಿತು. ಇದಕ್ಕೆ ಬೇರೆ ಹೆಸರಿಲ್ಲ, ಹುಡುಕುವುದೂ ಇಲ್ಲ. ಖುಷಿಯಾಗಬೇಕಿತ್ತು, ಬೆನ್ನು ತಟ್ಟಬೇಕಿತ್ತು — ನಾನು ಮಾಡಿದ್ದೇನು ಗೊತ್ತೇ? ಚಿತ್ರವನ್ನು ಹಿಗ್ಗಿಸುತ್ತ ಹೋದೆ. ಎಲ್ಲಿಯಾದರೂ ಮಸುಕಾಗಿರಲಿ, ನಡುಗಿರಲಿ ಎಂದು ಹುಳದ ಕಾಲುಗಳವರೆಗೂ ಹಿಗ್ಗಿಸಿದೆ. ಕಾಲಿನ ರೋಮವನ್ನೂ ಎಣಿಸಬಹುದಿತ್ತು. ಅದು ನಾನು ಬೆಳಿಗ್ಗೆ ಟವೆಲು ಬೀಸಿ ಓಡಿಸಿದ ಹುಳಗಳಲ್ಲೇ ಒಂದು.

"ಚೊಲೊ ಬಂದೈತಿ," ಎಂದೆ. "ಸ್ಪರ್ಧಾಕ್ಕ ಕಳಸೋಣ."

"ನನಗೇನ ತಿಳೀತೈತ್ರಿ ಅಕ್ಕಾ? ನಿಮಗ ಹೆಂಗ ಚಂದ ಕಾಣತೈತಿ ಹಂಗ ಮಾಡಿ ಕಳಸ್ರಿ."

ನಿಯಮಗಳು ಇಂಗ್ಲಿಷಿನಲ್ಲಿದ್ದವು. ಅವಳಿಗೆ ಓದಿ ಹೇಳಿದವಳು ನಾನೇ. ಬೆಳಕು, ಬಣ್ಣ ಹದ ಮಾಡಬಹುದು; ಅಂಚು ಕತ್ತರಿಸಬಹುದು. ಅದರ ಕೆಳಗೆ ಇನ್ನೊಂದು ಸಾಲಿತ್ತು — ಚಿತ್ರದಲ್ಲಿ ಇರುವುದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಆ ಸಾಲನ್ನು ನಾನು ಅವಳಿಗೆ ಓದಿ ಹೇಳಲಿಲ್ಲ. ಮನಸ್ಸಿನಲ್ಲಿ ಆಗಲೇ ಎಲ್ಲ ಸಿದ್ಧವಾಗಿತ್ತೋ ಅಥವಾ ಬರೀ ನಾಲಗೆ ತಡೆಯಿತೋ — ಎಷ್ಟು ಸಲ ಕೇಳಿಕೊಂಡಿದ್ದೇನೆ. ಸಿದ್ಧವಾಗಿತ್ತು. ಹೌದು.

ಅತ್ತೆಯ ಬೆನ್ನ ಹಿಂದೆ, ಚಿತ್ರದ ಅಂಚಿನಲ್ಲಿ, ಒಣಹಾಕುವ ಮೊದಲು ದ್ರಾಕ್ಷಿ ಅದ್ದುವ ಔಷಧದ ನೀಲಿ ಪ್ಲಾಸ್ಟಿಕ್ ಕ್ಯಾನು ಅರ್ಧ ಕಾಣುತ್ತಿತ್ತು. ಕಣ್ಣಿಗೆ ಹೊಡೆಯುತ್ತಿತ್ತು, ನಿಜ. ಅಂಚು ಕತ್ತರಿಸಿದ್ದರೆ ಸಾಕಿತ್ತು, ಎರಡು ಬೆರಳಿನ ಅಗಲ. ನಾನು ಕತ್ತರಿಸಲಿಲ್ಲ. ಅಳಿಸಿದೆ. ಹಿಂದಿನ ಪರದೆಯ ಹೆಣಿಗೆಯಿಂದ ಒಂದೊಂದೇ ಕಣ್ಣು ತಂದು ಕ್ಯಾನಿನ ಮೇಲೆ ಕೂಡಿಸಿ, ನೆರಳು ಹೊಂದಿಸಿ, ಅಲ್ಲಿ ಏನೂ ಇರಲೇ ಇಲ್ಲ ಎನ್ನುವಂತೆ ಮಾಡಿದೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅಲ್ಲಿಯವರೆಗೆ ನಾನು ಮಾಡಿರಲಿಲ್ಲ. ಕೊನೆಯ ಸುತ್ತಿಗೆ ಬಂದವರಿಂದ ಕ್ಯಾಮೆರಾದ ಮೂಲ ಚಿತ್ರ ತರಿಸಿಕೊಂಡು ಹೋಲಿಸಿ ನೋಡುತ್ತಾರೆ ಎಂಬುದೂ ನನಗೆ ಗೊತ್ತಿತ್ತು. ಅವಳ ಅರ್ಜಿಯಲ್ಲಿ ನನ್ನ ಇಮೇಲ್ ವಿಳಾಸ ಕೊಟ್ಟೆ. ನನ್ನ ಚಿತ್ರವನ್ನೂ ಕಳಿಸಿದೆ — ಅದರಲ್ಲಿ ಒಂದು ಧೂಳಿನ ಕಣವನ್ನೂ ಮುಟ್ಟಿರಲಿಲ್ಲ.

ಕೊನೆಯ ಹತ್ತರಲ್ಲಿ ಕಸ್ತೂರಿಯ ಹೆಸರು ಬಂತು. ನನ್ನದು ಬರಲಿಲ್ಲ. ಮೈದುನ ಆ ಚಿತ್ರವನ್ನು ಎಲ್ಲ ಬಳಗಕ್ಕೂ ಕಳಿಸಿದ. ಜುಗೂಳದಲ್ಲಿ ಅವಳ ಅಪ್ಪ ಮೊಬೈಲ್ ಹಿಡಿದುಕೊಂಡು ಚಹಾದಂಗಡಿಯಲ್ಲಿ ಕೂತವರಿಗೆಲ್ಲ ತೋರಿಸಿದರಂತೆ. ಅತ್ತೆಗಂತೂ ಮನೆಗೆ ಬಂದವರೆದುರು ಅದೇ ಕತೆ. "ಚಾ ಕುಡದಿದ್ನಿ, ತುಟಿಗಿ ಬೆಲ್ಲ ಹತ್ತಿತ್ತ. ಬಂದು ಕುಂತಿತು ನೋಡ. ಅಲಗಾಡಿದ್ರ ಕಡೀತೈತಿ ಅಂತ ಉಸರ ಹಿಡದ ಕುಂತ್ನಿ. ಈಕಿ ಪಟ್ಟನ ಹೊಡದಳು." ಹೇಳುವಾಗ ಬೆರಳಿನಿಂದ ಕೆಳತುಟಿ ಮುಟ್ಟಿಕೊಳ್ಳುತ್ತಿದ್ದರು. ಕಸ್ತೂರಿ ಧಾರವಾಡಕ್ಕೆಂದು ಒಂದು ಸೀರೆಯನ್ನು ಇಸ್ತ್ರಿ ಮಾಡಿ ಬೇರೆ ಎತ್ತಿಟ್ಟಿದ್ದಳು. ಮೂಲ ಚಿತ್ರ ಕಳಿಸಿರೆಂದು ಪತ್ರ ಬಂತು. ಅವಳ ಕ್ಯಾಮೆರಾದ ಕಾರ್ಡು ಇಸಿದುಕೊಂಡು, ನಾನು ಕಳಿಸಿದೆ. ಆಗಲಾದರೂ ನಿಲ್ಲಿಸಬಹುದಿತ್ತು. ತಪ್ಪು ನನ್ನದು ಎಂದು ಎರಡು ಸಾಲು ಬರೆಯಬಹುದಿತ್ತು. ಬೆರಳು ಒಂದು ಕ್ಷಣ ನಿಂತಿತ್ತು — ಆ ಇಸ್ತ್ರಿ ಮಾಡಿದ ಸೀರೆ ನೆನಪಾಗಿ ಒತ್ತಿಬಿಟ್ಟೆ.

ಉತ್ತರ ಒಂದೇ ವಾಕ್ಯದ್ದು. ಮೂಲಕ್ಕೂ ಕಳಿಸಿದ ಪ್ರತಿಗೂ ವ್ಯತ್ಯಾಸ ಕಂಡುಬಂದಿದ್ದರಿಂದ ಈ ಚಿತ್ರವನ್ನು ಸ್ಪರ್ಧೆಯಿಂದ ಕೈಬಿಡಲಾಗಿದೆ. ಏನು ವ್ಯತ್ಯಾಸ ಎಂದು ಅದರಲ್ಲಿರಲಿಲ್ಲ. ಹಾಗಾಗಿ ಮಂದಿ ತಾವೇ ಊಹಿಸಿಕೊಂಡರು. ಚಿತ್ರದಲ್ಲಿ ನಂಬಲಾಗದ್ದು ಒಂದೇ ಇತ್ತಲ್ಲ, ಜೇನುಹುಳ. ಮನೆಯಲ್ಲಿ ಕಂಪ್ಯೂಟರ್ ಇದೆ, ಹಿರಿಯ ಸೊಸೆಗೆ ಆ ವಿದ್ಯೆ ಗೊತ್ತಿದೆ. "ಹುಳ ಕಂಪ್ಯೂಟರದಾಗ ಇಟ್ಟಾರ ಬಿಡಬೇ ಆಯಿ," ಎಂದು ಬಳಗದವರು ಅತ್ತೆಯನ್ನು ಚೇಷ್ಟೆ ಮಾಡಿದರು. ಇದನ್ನು ನಾನು ಯೋಚಿಸಿರಲಿಲ್ಲ. ಯೋಚಿಸಿರಲಿಲ್ಲ ಎಂಬುದು ಕ್ಷಮೆಗೆ ಕಾರಣವಲ್ಲ. ಕೇಳಿದ ಮೇಲೂ ಸುಮ್ಮನಿದ್ದೆ.

ಕಸ್ತೂರಿ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ರೊಟ್ಟಿ ಬಡಿಯುತ್ತಿದ್ದವಳು, ಕೈಗೆ ಹಿಟ್ಟು ಹತ್ತಿತ್ತು.

"ಅಕ್ಕಾ, ಫೋಟೋದಾಗ ನೀವ ಏನರ ತಗದಿದ್ರೇನ್ರಿ?"

"ಇಲ್ಲ," ಎಂದೆ. "ಬೆಳಕ ಒಂದೀಟ ಏರಿಸೀನಿ, ಅಷ್ಟ."

ಅವಳು ಬೆರಳಿಗೆ ಹತ್ತಿದ ಹಿಟ್ಟನ್ನು ಉಜ್ಜಿ ತೆಗೆದಳು. "ಹಂಗಾದ್ರ ನಾನ ಏನರ ತಪ್ಪ ಮಾಡಿರಬೇಕ್ರಿ," ಎಂದು ಹೊರಟುಹೋದಳು.

ಈ ಮಾತು ನನ್ನನ್ನು ಬಿಟ್ಟಿಲ್ಲ. ಜಗಳ ಮಾಡಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಅನುಮಾನ ಪಟ್ಟಿದ್ದರೆ ಸಿಟ್ಟಿನ ಹಿಂದೆ ಅವಿತುಕೊಳ್ಳುತ್ತಿದ್ದೆ. ಅವಳು ನನ್ನನ್ನು ನಂಬಿ ತನ್ನ ಮೇಲೆಯೇ ಹಾಕಿಕೊಂಡಳು. ಆಮೇಲಿನದು ಸುಳ್ಳಿನ ಮೇಲೆ ಸುಳ್ಳು. ಕಾರ್ಡು ಕೇಳಿದಳು, ಖಾಲಿ ಮಾಡಿಬಿಟ್ಟೆ ಎಂದೆ. ಸ್ಪರ್ಧೆಯವರಿಗೆ ಕಾಗದ ಬರೆದು ವಿಚಾರಿಸಿರಿ ಎಂದಳು. ಬರೆದೆ, ಉತ್ತರ ಬರಲಿಲ್ಲ ಎಂದೆ. ನಾನು ಬರೆದಿರಲೇ ಇಲ್ಲ. ತವರಿಗೆ ಹೋಗಿ ಬಂದವಳು ಒಂದು ದಿನ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಆ ಬಟ್ಟೆಯ ಟೊಪ್ಪಿಗೆಯ ಸಮೇತ, ನನ್ನ ಮೇಜಿನ ಮೇಲೆ ಇಟ್ಟುಹೋದಳು. ಆಮೇಲೆ ಅವಳು ಅದನ್ನು ಮುಟ್ಟಲಿಲ್ಲ. ನನಗೆ ಅಂದು ಸಮಾಧಾನವಾಯಿತು. ಅದನ್ನೂ ಹೇಳಬೇಕಲ್ಲ.

ಇನ್ನೊಂದಿದೆ, ಇದಕ್ಕಿಂತ ನಾಚಿಕೆಗೇಡಿನದು. ಮರುವರ್ಷ ಕೊಲ್ಹಾಪುರದ ಒಂದು ಮದುವೆ ಆಲ್ಬಂ ಮಾಡುವ ಸಂಸ್ಥೆಯವರು ಫೋಟೋ ತಿದ್ದುವವರು ಬೇಕೆಂದರು. ತಿದ್ದುವ ಮೊದಲಿನದು ಮತ್ತು ನಂತರದ್ದು, ಎರಡನ್ನೂ ಅಕ್ಕಪಕ್ಕ ಇಟ್ಟು ಮಾದರಿ ಕಳಿಸಿ ಎಂದು ಕೇಳಿದರು. ನನ್ನ ಬಳಿ ಇದ್ದ ಎಲ್ಲಕ್ಕಿಂತ ಒಳ್ಳೆಯ ಕೆಲಸ ಅದೊಂದೇ. ಕ್ಯಾನು ಇರುವ ಅತ್ತೆ, ಕ್ಯಾನು ಇಲ್ಲದ ಅತ್ತೆ. ಕಳಿಸಿದೆ. "ಏಕದಂ ಸಾಫ್ ಕಾಮ್ ಆಹೇ," ಎಂದು ಫೋನಿನಲ್ಲಿ ಮರಾಠಿಯಲ್ಲಿ ನನ್ನ ಕೈಯ ಅಚ್ಚುಕಟ್ಟನ್ನು ಹೊಗಳಿ ಕೆಲಸ ಕೊಟ್ಟರು. ಇಂದು ಈ ಭಾಗದಲ್ಲಿ ಫೋಟೋ ತಿದ್ದುವುದೆಂದರೆ ನನ್ನ ಹೆಸರು ಹೇಳುತ್ತಾರೆ. ಮದುವೆಗೆ ಬಾರದ ಅಣ್ಣನನ್ನು ತಂದು ನಿಲ್ಲಿಸುತ್ತೇನೆ, ಸಿಟ್ಟಾಗಿ ಕುಳಿತ ಬೀಗರ ಹುಬ್ಬು ಸಡಿಲಿಸುತ್ತೇನೆ. ಈ ಅನ್ನ ಕಸ್ತೂರಿಯ ಚಿತ್ರದಿಂದ ಹುಟ್ಟಿದ್ದು. ಅವಳು ನನ್ನ ಕಂಪ್ಯೂಟರಿನ ಮೇಜನ್ನು ದಿನಾ ಒರೆಸಿ ಇಡುತ್ತಾಳೆ.

ಇಷ್ಟಾದರೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಕಳೆದ ವಾರ ಅತ್ತೆಯ ಜೊತೆ ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುತ್ತ ಕುಳಿತಿದ್ದೆ. ಒಂದು ಹುಳ ಬಂದು ಅವರ ಕೈಯ ಸುತ್ತ ಸುಳಿಯಿತು. ಅತ್ತೆ ಅದು ಹೋಗುವವರೆಗೆ ನೋಡಿದರು. ಆ ಕತೆಯನ್ನು ಅವರು ಹೇಳುವುದನ್ನು ಬಿಟ್ಟು ವರ್ಷಗಳಾಗಿದ್ದವು.

"ವೈಶಾಲಿ, ನಿನಗ ಕಂಪ್ಯೂಟರದಾಗಿಂದ ಎಲ್ಲಾ ಗೊತ್ತೈತಿ. ಖರೇ ಹೇಳ. ಅವತ್ತ ಆ ಹುಳ ನನ್ನ ತುಟಿ ಮ್ಯಾಲ ಕುಂತಿತ್ತೇನ? ಮಂದಿ ಅಂದು ಅಂದು ನನಗೂ ಈಗ ಸಂಶೇ ಬರಾಕತ್ತೈತಿ."

"ಕುಂತಿತ್ರಿ ಅತ್ತಿ. ಖರೇನ ಕುಂತಿತ್ರಿ."

"ನನ್ನ ಸಮಾಧಾನಕ್ಕ ಹೇಳತಿ ನೀ," ಎಂದು ಅವರು ಮತ್ತೆ ದ್ರಾಕ್ಷಿಗೆ ಕೈ ಹಾಕಿದರು.

ನಾನು ಅಳಿಸಿದ್ದು ಒಂದು ಕ್ಯಾನನ್ನು ಎಂದುಕೊಂಡಿದ್ದೆ. ಒಬ್ಬ ಮುದುಕಿ ತನ್ನ ತುಟಿಯನ್ನೇ ನಂಬದಂತೆ ಮಾಡಿದ್ದೇನೆ. ಒಬ್ಬ ಹುಡುಗಿ ತನ್ನ ಕಣ್ಣನ್ನೇ ನಂಬದಂತೆ ಮಾಡಿದ್ದೇನೆ. ನಾನು ಖರೇ ಹೇಳಿದರೂ ಅದು ಯಾರಿಗೂ ಖರೇ ಎನಿಸದ ಹಾಗೆ ಮಾಡಿಕೊಂಡಿದ್ದೇನೆ.

ನಿನ್ನೆ ಚಿಕ್ಕೋಡಿಗೆ ಹೋಗಿ ಮೂಲ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ತಂದೆ. ಅಥಣಿಯಲ್ಲಿ ಎಲ್ಲರೂ ನನ್ನನ್ನು ಬಲ್ಲರು — ಇನ್ನೂ ಇಷ್ಟು ಅಳುಕು ಉಳಿದಿದೆ ನೋಡಿ. ಸ್ಪರ್ಧೆಯವರಿಗೂ ನಡೆದದ್ದನ್ನೆಲ್ಲ ಬರೆದು ಕಳಿಸಿದ್ದೇನೆ. ನಾಳೆ ಬೆಳಿಗ್ಗೆ ಅತ್ತೆ, ಕಸ್ತೂರಿ, ಮೈದುನ ಎಲ್ಲರೂ ಶೆಡ್ಡಿನಲ್ಲಿರುತ್ತಾರೆ. ಅಲ್ಲಿಯೇ, ಅವರೆಲ್ಲರೆದುರು ಚಿತ್ರ ಇಟ್ಟು ಈ ಬರೆದದ್ದನ್ನು ಓದುತ್ತೇನೆ. ಓದುತ್ತೇನೆ ಎಂದದ್ದಕ್ಕೆ ಕಾರಣವಿದೆ. ಬಾಯಿಮಾತಿನಲ್ಲಿ ಹೇಳಲು ಹೋದರೆ ನಾನು ತಿದ್ದುತ್ತೇನೆ, ಅದು ನನ್ನ ಕಸುಬು. ಕ್ಷಮಿಸು ಎಂದು ಕಸ್ತೂರಿಯನ್ನು ಕೇಳುವುದಿಲ್ಲ. ಕೇಳಿದರೆ ಅವಳು ಇಲ್ಲ ಎನ್ನಲಾರಳು. ಆ ಹದಿನೈದು ದಿನ ಮತ್ತೆ ಬರುವುದಿಲ್ಲ. ಮತ್ತೆ ಇದನ್ನೂ ಬರೆದಿಡುತ್ತೇನೆ — ಮುದ್ರಿತ ಚಿತ್ರವನ್ನು ಅಂಗಡಿಯ ಬೆಳಕಿನಲ್ಲಿ ನೋಡಿದಾಗ ಅದೇ ಹಳೆಯ ಕಿಚ್ಚು ಎದ್ದಿತು. ಅಷ್ಟು ಚಂದವಿದೆ ಅದು.

ಅಂಗಡಿಯಾತ ಚಿತ್ರವನ್ನು ಸುತ್ತುವ ಮೊದಲು ಒಮ್ಮೆ ಬಿಡಿಸಿ ನೋಡಿದ. ಜೇನುಹುಳವನ್ನು ಹತ್ತಿರದಿಂದ ನೋಡಿ ತಲೆ ಅಲ್ಲಾಡಿಸಿದ. ಆಮೇಲೆ ಅಂಚಿನ ಮೇಲೆ ಬೆರಳಿಟ್ಟ.

"ಅಕ್ಕಾರ, ಮೂಲ್ಯಾಗ ಈ ನೀಲಿ ಕ್ಯಾನೊಂದ ಕೆಡಸೈತಿ ನೋಡ್ರಿ. ತಗದ ಕೊಡ್ಲ್ಯಾ? ಎರಡ ಮಿನಿಟಿನ ಕೆಲಸ."

"ಬ್ಯಾಡ್ರಿ," ಎಂದೆ. "ಅದು ಅಲ್ಲೇ ಇತ್ತು. ಇರಲಿ."