ಮಾಂಸದಂಗಡಿಯವನು ಮಗಳ ಓದನ್ನು ತೂಗಿದ್ದು

ಮಾಂಸದಂಗಡಿಯ ಸಿಡಿಲಣ್ಣನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಮೂಳೆ ಜಾಸ್ತಿ ಹಾಕಿದೆ ಎಂದು ಗೊಣಗಿದ ಗಿರಾಕಿಯ ಹಲ್ಲು ಉದುರಿಸಿದ್ದ. ತಕ್ಕಡಿ ಪರೀಕ್ಷೆಗೆ ಬಂದ ಅಧಿಕಾರಿಯನ್ನು ಕೊರಳಪಟ್ಟಿ ಹಿಡಿದು, ಕುರಿ ನೇತುಹಾಕುವ ಕೊಕ್ಕೆಯವರೆಗೆ ದರದರ ಎಳೆದೊಯ್ದಿದ್ದ. ಅಡುಗೆಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿಯ ಮಣಿಕಟ್ಟು ಮುರಿದಿದ್ದ. ಅದು ಇವತ್ತಿಗೂ ಸೊಟ್ಟಗೇ ಇದೆ. ಪಾಪ, ಕೋಪ ಬಂದಾಗ ಮಾತ್ರ ಹಾಗೆ, ಆಮೇಲೆ ಬಂಗಾರದಂಥ ಮನುಷ್ಯ ಎನ್ನುವವರೂ ಇದ್ದರು. ಕೋಪ ಬರದ ದಿನ ಯಾವುದೆಂದು ಅವರು ಹೇಳಲಿಲ್ಲ, ಬಿಡಿ.

ಆದರೆ ಲೆಕ್ಕದಲ್ಲಿ ಅವನಿಗೆ ಟೋಪಿ ಹಾಕಿದವರಿಲ್ಲ. ಹನ್ನೊಂದನೇ ವಯಸ್ಸಿಗೆ ಅಪ್ಪನ ಏಟು ತಿನ್ನುತ್ತ ಮಚ್ಚು ಹಿಡಿದವನು. ಕುರಿಯ ಸೊಂಟ ಹಿಡಿದು ಒಮ್ಮೆ ಎತ್ತಿ ಇಳಿಸಿದರೆ ಸಾಕು, ಚರ್ಮ, ತಲೆ, ಕರುಳು ತೆಗೆದ ಮೇಲೆ ಮಾಂಸ ಎಷ್ಟು ಉಳಿಯುತ್ತದೆಂದು ಹೇಳಿಬಿಡುತ್ತಿದ್ದ. ಉಪ್ಪು ತಿನ್ನಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ತೂಕ ಏರಿಸಿದ ಕುರಿಯನ್ನು ಮುಟ್ಟಿದ ಕೂಡಲೇ ಪತ್ತೆ ಹಚ್ಚುತ್ತಿದ್ದ. ಮಾರಲು ತಂದವನಿಗೆ ಆಮೇಲೆ ದೇವರೇ ಗತಿ.

ಇಂಥವನ ಒಬ್ಬಳೇ ಮಗಳು ಕಂಪ್ಯೂಟರ್ ಎಂಜಿನಿಯರಿಂಗ್ ಓದುತ್ತೇನೆಂದಳು. ಕಾಲೇಜು ಬಸ್ಸಿನಲ್ಲಿ ಹನ್ನೊಂದು ಗಂಟೆ ದೂರ. ಫೀಸು, ಹಾಸ್ಟೆಲ್ಲು ಸೇರಿ ಹನ್ನೆರಡು ಲಕ್ಷ ಸಾಲ. ಓದು ಮುಗಿಯುವಷ್ಟರಲ್ಲಿ ಬಡ್ಡಿ ಬೆಳೆದು ಹದಿನಾರು. ಅದಕ್ಕೆ ಜಾಮೀನು ಅವನ ಅಂಗಡಿ. ಬ್ಯಾಂಕಿನ ಕಾಗದವೆಲ್ಲ ಸಿದ್ಧವಾಗಿ, ಅಪ್ಪನ ಸಹಿಯೊಂದು ಬಾಕಿ ಇತ್ತು.

ಸಹಿ ಹಾಕುವ ಮೊದಲು ಮಾಲು ಎತ್ತಿ ನೋಡಬೇಡವೇ? ಒಂದು ಬೆಳಗ್ಗೆ ಸಿಡಿಲಣ್ಣ ಸೀಟು ಕೊಡಿಸುವ ದಲ್ಲಾಳಿಯ ಆಫೀಸಿಗೆ ಹೋದ. ಗಾಜಿನ ಮೇಜು, ತಣ್ಣಗಿನ ಗಾಳಿ, ಗೋಡೆಯ ತುಂಬ ನಗುವ ಹುಡುಗರ ಚಿತ್ರ.

"ವರ್ಷಕ್ಕೆ ನಲವತ್ತು ಲಕ್ಷ ಸಂಬಳ ಯಜಮಾನ್ರೇ! ಸಾಲ ಏನ್ ಮಹಾ, ಒಂದೇ ವರ್ಷದಲ್ಲಿ ಚುಕ್ತಾ," ಎಂದು ಹೇಳಿದ ದಲ್ಲಾಳಿ, ಫೋನು ಬಂತೆಂದು ಆಚೆಗೆ ಎದ್ದುಹೋದ.

ಮೂಲೆಯಲ್ಲಿ ಒಬ್ಬ ಹೆಂಗಸು ಅರ್ಜಿ ಟೈಪ್ ಮಾಡುತ್ತಿದ್ದಳು. ಸಿಡಿಲಣ್ಣ ಸುಮ್ಮನೆ ಕೂರಲಾರದೆ ಕೇಳಿದ, "ನೀನೇನಮ್ಮ ಓದಿರೋದು?"

"ಅದೇ ಕಾಲೇಜು ಸಾರ್. ಅದೇ ಕೋರ್ಸು."

ಸಿಡಿಲಣ್ಣ ಕುರ್ಚಿಯನ್ನು ಅವಳತ್ತ ಎಳೆದುಕೊಂಡ. "ನಲವತ್ತು ಲಕ್ಷ ಯಾರಿಗಮ್ಮ ಬಂತು?"

"ನೂರಿಪ್ಪತ್ತು ಜನರಲ್ಲಿ ಒಬ್ಬನಿಗೆ. ಗೋಡೆ ಮೇಲೆ ನಡುವೆ ಇರೋದು ಅವನ ಫೋಟೋನೇ. ಕೆಲಸ ಸಿಕ್ಕ ಉಳಿದವರಿಗೆ ಕೈಗೆ ಇಪ್ಪತ್ತೈದು ಸಾವಿರ ಬಂದ್ರೆ ಪುಣ್ಯ. ನಿಮ್ಮ ಮಗಳ ಅರ್ಜಿ ನಾನೇ ಟೈಪ್ ಮಾಡಿದ್ದು, ಆ ಸಾಲಕ್ಕೆ ಹತ್ತು ವರ್ಷ ಅಂದ್ರೂ ತಿಂಗಳಿಗೆ ಇಪ್ಪತ್ತೊಂದೂವರೆ ಸಾವಿರ ಕಂತು." ಅವಳು ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ನನಗೆ ಇಲ್ಲಿ ಹದಿನೆಂಟು ಕೊಡ್ತಾರೆ. ನನ್ನ ಕಂತು ಹದಿನೈದು."

ನೀರು ಕುಡಿಸಿದ ಕುರಿ! ಸಿಡಿಲಣ್ಣನ ಪಿತ್ತ ನೆತ್ತಿಗೇರಿತು. ದಲ್ಲಾಳಿ ಹಲ್ಲು ಕಿರಿಯುತ್ತ ಒಳಗೆ ಕಾಲಿಟ್ಟಿದ್ದೇ ತಡ, ಅವನ ಕತ್ತು ಹಿಡಿದು ಮುಖವನ್ನು ಗಾಜಿನ ಮೇಜಿಗೆ ಅಪ್ಪಳಿಸಿದ. ಒಂದು ಸಲಕ್ಕೆ ಮೂಗು ಮುರಿಯಿತು, ಎರಡನೆಯದಕ್ಕೆ ಗಾಜು. "ತೂಕ ಹೇಳೋ! ಚರ್ಮ ಸುಲಿದ ಮೇಲಿನ ತೂಕ ಹೇಳೋ, ಬೇವರ್ಸಿ!" ಪಕ್ಕದ ಅಂಗಡಿಗಳಿಂದ ನಾಲ್ಕು ಜನ ಬಂದು ಬಿಡಿಸುವಷ್ಟರಲ್ಲಿ ದಲ್ಲಾಳಿಯ ಅಂಗಿಯೆಲ್ಲ ರಕ್ತ, ಸಿಡಿಲಣ್ಣನ ಅಂಗೈಯೂ ಸೀಳಿತ್ತು. ಟೈಪ್ ಮಾಡುವವಳು ಚೀಲ ಹೆಗಲಿಗೆ ಹಾಕಿಕೊಂಡು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಕೈಗೆ ಬಟ್ಟೆ ಸುತ್ತಿಕೊಂಡು ಅವನು ಮನೆಗೆ ಬಂದಾಗ ಮಧ್ಯಾಹ್ನ. ಅವನಿಗೆ ಖುಷಿಯಾಗಿತ್ತು, ಸುಳ್ಳೇಕೆ? ಮಗಳನ್ನು ಗುಂಡಿಗೆ ಬೀಳದಂತೆ ಉಳಿಸಿದ ಅಪ್ಪ ತಾನು.

"ಇದೇ ಊರಿನ ಕಾಲೇಜಿಗೆ ಸೇರು. ಮನೆಯಿಂದಲೇ ಓಡಾಡು. ಒಟ್ಟು ನಾಲ್ಕು ಲಕ್ಷ, ನಾನೇ ಕಟ್ತೀನಿ. ಸಾಲವೂ ಬೇಡ, ಸುಡುಗಾಡೂ ಬೇಡ."

ಮಗಳು ಒಂದು ನೋಟ್‌ಬುಕ್ಕು ತಂದು ಅವನ ಮುಂದಿಟ್ಟಳು. ಇಪ್ಪತ್ತೈದು ಸಾವಿರ, ಇಪ್ಪತ್ತೊಂದೂವರೆ ಸಾವಿರ, ಹತ್ತು ವರ್ಷ, ಎಲ್ಲವೂ ಅವಳ ದುಂಡು ಅಕ್ಷರದಲ್ಲಿ ಮೊದಲೇ ಬರೆದಿತ್ತು.

"ನಂಗೊತ್ತಿತ್ತಪ್ಪಾ."

"ಗೊತ್ತಿದ್ದೂ ಎಂಟು ಲಕ್ಷ ಜಾಸ್ತಿ ಸುರಿಯೋಕೆ ಹೊರಟಿದ್ದೀಯಾ? ಹುಚ್ಚೇನೇ ನಿಂಗೆ?"

"ಆ ಎಂಟು ಲಕ್ಷ ಓದಿಗಲ್ಲ," ಎಂದಳು ಮಗಳು. "ದೂರಕ್ಕೆ. ಈ ಊರಲ್ಲಿ ಓದಿದ್ರೆ ಈ ಮನೇಲೇ ಇರ್ಬೇಕಲ್ಲ. ಹತ್ತು ವರ್ಷ ಅರೆಹೊಟ್ಟೆ ಇದ್ದು ಕಟ್ತೀನಿ. ನಿಮ್ಮ ಕೈಗೆ ಸಿಗದ ಹಾಗೆ ಇದ್ರೆ ಸಾಕು."

ಬಟ್ಟೆ ಸುತ್ತಿದ ಕೈಯಿಂದಲೇ ಹೊಡೆದ. ಮಗಳು ಬಾಗಿಲ ಚೌಕಟ್ಟಿಗೆ ಬಡಿದು ಕೆಳಗೆ ಬಿದ್ದಳು. ತುಟಿ ಒಡೆದು ಗಲ್ಲದ ಮೇಲೆ ರಕ್ತ ಇಳಿಯಿತು. ಇಷ್ಟು ವರ್ಷ ನಡುವೆ ಬಂದು ತಾನೇ ಏಟು ತಿನ್ನುತ್ತಿದ್ದ ಹೆಂಡತಿ ಇವತ್ತು ನಡುವೆ ಬರಲಿಲ್ಲ. ಕಪಾಟಿನಿಂದ ಬ್ಯಾಂಕಿನ ಕಾಗದ ತಂದು ಅವನ ಮುಂದಿಟ್ಟು, ಪೆನ್ನಿನ ಮುಚ್ಚಳ ತೆಗೆದಳು.

"ಹೋಗ್ಲಿ! ಹಾಳಾಗಿ ಹೋಗ್ಲಿ! ಇಂಥ ಮಗಳು ನನಗೆ ಹುಟ್ಟಲೇ ಇಲ್ಲ ಅಂದ್ಕೋತೀನಿ!" ಎಂದು ಅರಚುತ್ತ ಸಿಡಿಲಣ್ಣ ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದ. ಹೆಂಡತಿ ಕಾಗದವನ್ನು ಮಡಚಿಕೊಂಡು ಮಗಳನ್ನು ಎಬ್ಬಿಸಿದಳು.

ಸಿಟ್ಟು ಇಳಿಯಲಿಲ್ಲ. ಹರಿದು ಬಿಸಾಡೋಣವೆಂದು ನೋಟ್‌ಬುಕ್ಕಿಗೆ ಕೈ ಹಾಕಿದ. ಖರ್ಚಿನ ಸಾಲಿನಲ್ಲಿ ಹೀಗಿತ್ತು: ಒಂದು ಕೋಣೆಯ ಬಾಡಿಗೆ. ಊಟ, ಇಬ್ಬರಿಗೆ. ಎದುರಿನ ಆದಾಯದ ಸಾಲಿನಲ್ಲಿ, ಸಂಬಳದ ಕೆಳಗೆ, ಹೊಲಿಗೆಯಿಂದ ಒಂಬತ್ತು ಸಾವಿರ. ಮಗಳಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಸಿಡಿಲಣ್ಣ ಎರಡು ಸಲ ಓದಿದ.

"ಇಬ್ಬರು ಅಂದ್ರೆ ಯಾರೇ?"

"ನಾನು," ಎಂದಳು ಹೆಂಡತಿ ಹೊಸಿಲಿನ ಆಚೆಯಿಂದ. ಒಂದು ಕೈಯಲ್ಲಿ ಮಗಳನ್ನೂ ಸೊಟ್ಟ ಕೈಯಲ್ಲಿ ಕಾಗದವನ್ನೂ ಹಿಡಿದು, ಬ್ಯಾಂಕು ಮುಚ್ಚುವ ಮೊದಲು ತಲುಪಲು ಅವಳು ಆಗಲೇ ಬೀದಿಗೆ ಇಳಿದಿದ್ದಳು.