ಚೀಲ ಹೊಲಿಯುವ ಚಾಚಾ ಮತ್ತು ಕಚ್ಚದ ಜೇಡ

ಮೊನ್ನೆ ಗಜೇಂದ್ರಗಡದ ನನ್ನ ವಿದ್ಯಾರ್ಥಿನಿಯೊಬ್ಬಳು ಊರಿಂದ ಬರುವಾಗ ಒಂದು ಡಬ್ಬಿ ತಂದಳು. ಒಳಗೆ ಗೋಣಿಚೀಲದ ತುಂಡು, ಅದರ ಮಡಿಕೆಯಲ್ಲಿ ಒಂದು ಕಂದು ಜೇಡ. ಮುಚ್ಚಳ ತೆಗೆದ ಕೂಡಲೇ ಹಳೆಯ ಗೋಣಿಯ ವಾಸನೆ ಮೂಗಿಗೆ ಬಡಿಯಿತು. ಧೂಳು, ಕಡಲೆಹೊಟ್ಟು, ಬಿಸಿಲು... ಜೇಡವನ್ನು ಬಿಟ್ಟು ನಾನು ಚೀಲದ ತುಂಡನ್ನೇ ಮೂಸುತ್ತ ನಿಂತೆ. ಮೇಡಂಗೆ ಏನಾಯಿತೋ ಎಂದು ಹುಡುಗಿ ಗಾಬರಿಯಾಗಿರಬೇಕು.

ಅದು ರೋಣದ ಚಾಚಾರ ವಾಸನೆ. ರೈತರ ಮಾಲು ಮಾರಿಸಿಕೊಡುವ ಅಪ್ಪನ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅವರು ಹರಿದ ಚೀಲಗಳನ್ನು ಹೊಲಿಯುತ್ತಿದ್ದರು. ಒಂದು ದಬ್ಬಣ, ಒಂದು ಸುತಳಿ ದಾರದ ಉಂಡೆ, ಒಂದು ತಂಬಿಗೆ ನೀರು, ಅಷ್ಟೇ ಅವರ ಸರಂಜಾಮು. ಯಾವ ಚೀಲದೊಳಗೂ ಸುಮ್ಮನೆ ಕೈ ಹಾಕಿದವರಲ್ಲ. ಮೊದಲು ಚೀಲವನ್ನು ಒಳಹೊರಗು ಮಾಡಿ, ಕಟ್ಟೆಯ ಕಲ್ಲಿಗೆ ಮೂರು ಸಲ ಬಡಿದು, ಒಳಗಿದ್ದ ಹುಳಗಳಿಗೆ ಮರ್ಯಾದೆಯಿಂದ ಹೇಳುತ್ತಿದ್ದರು: “ಬಾಡಿಗಿ ಮುಗೀತ್ರಿ, ಹೊರಗ ಬರ್ರಿ.” ಮಾಲು ತಂದ ರೈತರು ಬಿದ್ದು ಬಿದ್ದು ನಗುತ್ತಿದ್ದರು. ಚಾಚಾ ಮಾತ್ರ ಗಂಭೀರವಾಗಿ ಮುಂದಿನ ಚೀಲ ಎತ್ತಿಕೊಳ್ಳುತ್ತಿದ್ದರು.

ಆಗ ನನ್ನ ಸಂಶೋಧನೆಯ ಮೊದಲ ವರ್ಷ. ಕಂದು ಜೇಡದ ವಿಷವೇ ನನ್ನ ವಿಷಯ. ಗಜೇಂದ್ರಗಡದ ಗುಡ್ಡದಲ್ಲಿ ಕಲ್ಲು ಎತ್ತೆತ್ತಿ ನೋಡಿದ್ದೆ, ನರಗುಂದದ ಪಾಳುಗೋಡೆಗಳ ಸಂದಿಗೆಲ್ಲ ಟಾರ್ಚ್ ಬಿಟ್ಟಿದ್ದೆ. ಒಂದೂ ಸಿಕ್ಕಿರಲಿಲ್ಲ. ಮುಖ ಸಪ್ಪೆ ಮಾಡಿಕೊಂಡು ಊರಿಗೆ ಬಂದರೆ, ಚಾಚಾ ಒಂದು ಚೀಲ ಬಡಿದು ನನ್ನ ಕಾಲ ಬುಡಕ್ಕೇ ಒಂದು ಜೇಡ ಬೀಳಿಸಿದರು. ಬೆನ್ನ ಮೇಲೆ ಪಿಟೀಲಿನಂಥ ಗುರುತು. ಭೂತಗನ್ನಡಿ ಹಿಡಿದು ಎಣಿಸಿದರೆ ಎಂಟಲ್ಲ, ಆರೇ ಕಣ್ಣು, ಕಂದು ಜೇಡವೇ! ನಡುಬಜಾರಿನಲ್ಲಿ ಕುಣಿದುಬಿಟ್ಟೆ. ಆ ಬೇಸಿಗೆಯಲ್ಲಿ ನನ್ನ ಬಾಟಲಿಗಳನ್ನೆಲ್ಲ ತುಂಬಿಸಿಕೊಟ್ಟವರು ಅವರೇ. ನಾನು ಪ್ರತಿಯಾಗಿ ಪಾಠ ಹೇಳಿದೆ: ಇದು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಆಮೇಲೆ ವಿಷ ಮಾಂಸವನ್ನು ಕೊಲ್ಲುತ್ತದೆ, ಚರ್ಮ ಕಪ್ಪಾಗುತ್ತದೆ. ಚಾಚಾ ಕೇಳಿಸಿಕೊಂಡು, ಪಾಪ, ಅದು ಓಡಿಹೋಗುವ ಹುಳ, ಮೈಗೆ ಒತ್ತಿದರಷ್ಟೇ ಕಚ್ಚೀತು ಎಂದರು. ಅದೂ ನನ್ನ ಪುಸ್ತಕದಲ್ಲಿತ್ತು. ನಾನು ಆ ಸಾಲನ್ನು ಓದಿಯೂ ಲಕ್ಷ್ಯ ಕೊಟ್ಟಿರಲಿಲ್ಲ.

ಮರುವರ್ಷ ಹೋದಾಗ ಅವರ ಬಲಗೈ ಹೆಬ್ಬೆರಳಿಗೆ ಹುಣ್ಣಾಗಿತ್ತು. ನಮ್ಮ ಕಡೆ ಮೈಮೇಲೆ ಯಾವ ಗುಳ್ಳೆ ಎದ್ದರೂ ತಪ್ಪು ಜೇಡದ್ದೇ. ಜ್ಯಾಡ ಉಚ್ಚಿ ಹೊಯ್ದೈತಿ ಅನ್ನುತ್ತಾರೆ, ಕೆಮ್ಮಣ್ಣು ಮೆತ್ತುತ್ತಾರೆ. ಚಾಚಾಗೂ ಮೆತ್ತಿದ್ದರು. ನಾನು ಅದನ್ನು ತೊಳೆದು, ಉಚ್ಚೆಯಿಂದ ಎಲ್ಲಾದರೂ ಹುಣ್ಣಾಗುತ್ತದೆಯೇ ಎಂದು ಅಂಗಡಿಯವರನ್ನೆಲ್ಲ ತರಾಟೆಗೆ ತೆಗೆದುಕೊಂಡೆ. ಆಮೇಲೆ ಹುಣ್ಣು ನೋಡಿದೆ. ನಡುವೆ ಕಪ್ಪು, ಸುತ್ತ ಕೆಂಪು, ಥೇಟ್ ಪುಸ್ತಕದ ಚಿತ್ರ. ನನಗೆ ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಖುಷಿಯೇ ಆಯಿತು. ಇದು ಕಂದು ಜೇಡದ ಕಡಿತವೇ ಎಂದು ತೀರ್ಪು ಕೊಟ್ಟೆ.

“ಅದು ಕಡದಿಲ್ಲ ಬೇಟಿ,” ಎಂದರು ಚಾಚಾ. “ಸುತಳಿ ಕೊಯ್ದ ಗಾಯ ಇದು. ಕಡದದ್ದು ನೀ ನೋಡಿಯೇನು? ನಾ ನೋಡೀನೇನು?”

ನನ್ನ ಕಿವಿಗೆ ಅದು ಬೀಳಲೇ ಇಲ್ಲ. ಇಂಥ ಕಡಿತ ಬಹುಪಾಲು ತಾನಾಗಿ ಮಾಯುತ್ತದೆ, ಐಸ್ ಇಟ್ಟು ಶುಚಿಯಾಗಿ ಇಟ್ಟುಕೊಂಡರೆ ಸಾಕು ಅಂದೆ. ದವಾಖಾನೆಗೆ ಕರೆದೊಯ್ಯುತ್ತೇನೆ ಎಂದ ಅವರ ಮಗನನ್ನು ತಡೆದವಳೂ ನಾನೇ. ದಿನಾ ಹೋಗಿ ಹುಣ್ಣಿನ ಅಳತೆ ತೆಗೆದುಕೊಂಡೆ, ಫೋಟೊ ತೆಗೆದೆ. ಹೀಗೆ ಎಂಟು ದಿನ...

ಒಂಬತ್ತನೆಯ ದಿನ ಜ್ವರ ಏರಿತು. ಗದಗಕ್ಕೆ ಒಯ್ದರೆ ಡಾಕ್ಟರು ಮೊದಲು ರಕ್ತ ನೋಡಿದರು. ಶುಗರ್ ವಿಪರೀತ ಇತ್ತು, ಯಾವ ಕಾಲದಿಂದಲೋ, ಯಾರಿಗೂ ತಿಳಿದಿರಲಿಲ್ಲ. ಸುತಳಿ ಕೊಯ್ದ ಗಾಯದ ಕೀವು ಎಲುಬಿಗೆ ಇಳಿದಿತ್ತು. ನಾಲ್ಕು ದಿನ ಮೊದಲು ಬಂದಿದ್ದರೆ ಬೆರಳು ಉಳಿಯುತ್ತಿತ್ತು ಎಂದು ಹೇಳಿ, ಹೆಬ್ಬೆರಳು ತೆಗೆದರು. ದಬ್ಬಣ ಹಿಡಿಯುವ ಹೆಬ್ಬೆರಳು. ಊರವರನ್ನು ಬೈದವಳು ನಾನು. ಅವರೂ ಜೇಡದ ಮೇಲೆ ಹೊರಿಸಿದರು, ನಾನೂ ಹೊರಿಸಿದೆ. ಅವರದು ಉಚ್ಚೆ, ನನ್ನದು ಕಡಿತ, ಅಷ್ಟೇ ವ್ಯತ್ಯಾಸ.

ಮಂಚದ ಪಕ್ಕ ಕುಳಿತು ಅತ್ತೆ. ಚಾಚಾ ಪಟ್ಟಿ ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡರು.

“ಅಳೋದು ಸಾಕು,” ಎಂದರು. “ಹುಳದ ತಪ್ಪಿಲ್ಲ ಅಂತ ಬರಿ. ನಿನ್ನ ಬುಕ್ಕಿನ್ಯಾಗ ಮೊದಲ ಅದನ್ನ ಬರಿ.”

ಬರೆದೆ. ಅಂದಿನಿಂದ ನನ್ನ ಕೆಲಸದ ದಾರಿಯೇ ಬದಲಾಯಿತು. ಜಕ್ಕಲಿ, ಶಿರೋಳ, ಹೊಳೆಆಲೂರು, ಎಲ್ಲಿಂದ ಜೇಡದ ಹುಣ್ಣು ಎಂದು ಸುದ್ದಿ ಬಂದರೂ ಹೋಗುತ್ತೇನೆ. ಮೊದಲ ಪ್ರಶ್ನೆ ಚಾಚಾರದ್ದೇ: ಕಡದದ್ದು ನೋಡೀರೇನು? ನೋಡಿದವರು ಸಿಗುವುದು ಅಪರೂಪ. ಕಂದು ಜೇಡದ ವಿಷ ಸುಳ್ಳಲ್ಲ, ಅದನ್ನು ನಾನೇ ಕೈಯಾರೆ ತೆಗೆದು ನೋಡಿದ್ದೇನೆ. ಆದರೆ ಅದರ ಹೆಸರಿನಲ್ಲಿ ನನ್ನ ಮುಂದೆ ಬಂದ ಹುಣ್ಣುಗಳಲ್ಲಿ ಬಹುಪಾಲು ಅದರದ್ದಲ್ಲ. ಇದನ್ನು ಯಾವ ಸಭೆಯಲ್ಲಾದರೂ ನಿಂತು ಹೇಳಬಲ್ಲೆ, ಹೇಳಿದ್ದೇನೆ. ಜಂಭ ಇನ್ನೂ ಇದೆ ನನಗೆ, ಆದರೆ ಈಗ ಮೊದಲು ಕೇಳಿಸಿಕೊಂಡು ಆಮೇಲೆ ಮಾತಾಡುತ್ತೇನೆ.

ಚಾಚಾ ಮತ್ತೆ ಹೊಲಿಯಲಿಲ್ಲ. ಕಟ್ಟೆಗೆ ಬಂದು ಚೀಲ ಬಡಿದು ಕೊಡುತ್ತಿದ್ದರು, ಮಗ ಹೊಲಿಯುತ್ತಿದ್ದ. ಎರಡು ವರ್ಷದ ಕೆಳಗೆ ಅವರು ತೀರಿಹೋದರು. ಕೊನೆಯ ಸಲ ಮುಖ ನೋಡಲು ನನಗೆ ಆಗಲಿಲ್ಲ.

ಡಬ್ಬಿ ತಂದ ಹುಡುಗಿಯ ಅಪ್ಪನಿಗೆ ಪಾದದಲ್ಲಿ ಕಪ್ಪು ಹುಣ್ಣಂತೆ. ಅವರ ಮನೆಯ ಚೀಲದಲ್ಲಿ ಈ ಜೇಡ ಸಿಕ್ಕಿತಂತೆ. ಕಡದದ್ದು ಯಾರಾದರೂ ನೋಡೀರೇನು ಎಂದು ಕೇಳಿದೆ. ಇಲ್ರಿ ಮೇಡಂ ಅಂದಳು.

“ಹಂಗಾರ ಹುಳಾ ಇಲ್ಲೇ ಇರ್ಲಿ. ಅಪ್ಪನ್ನ ಇವತ್ತ ದವಾಖಾನಿಗೆ ಕರ್ಕೊಂಡು ಹೋಗು. ಮೊದಲ ಶುಗರ್ ನೋಡ್ರಿ ಅನ್ನು.”

ಮರುದಿನ ಫೋನ್ ಬಂತು. ಶುಗರ್ರೇ ಅಂತೆ. ಸಮಯಕ್ಕೆ ಬಂದಿದ್ದಾರೆ, ಕಾಲು ಉಳಿಯುತ್ತದೆ ಅಂದಿದ್ದಾರಂತೆ. ಹುಡುಗಿ ಅಳುತ್ತಿದ್ದಳು.

ಫೋನ್ ಇಟ್ಟು, ಆ ಚೀಲದ ತುಂಡನ್ನು ಎತ್ತಿ ಮೇಜಿಗೆ ಮೆಲ್ಲಗೆ ಮೂರು ಸಲ ಬಡಿದೆ. ಬಾಡಿಗಿ ಮುಗೀತ್ರಿ, ಹೊರಗ ಬರ್ರಿ ಎಂದು ಗಟ್ಟಿಯಾಗಿಯೇ ಅಂದೆ. ಜೇಡ ಹೊರಗೆ ಬಂತು. ನಿನ್ನ ತಪ್ಪಿಲ್ಲ ಅಂತ ಮತ್ತೊಮ್ಮೆ ಗೊತ್ತಾಯಿತು ಎಂದು ಅದಕ್ಕೆ ಹೇಳಿದೆ. ಹೇಳಬೇಕಾದವರಿಗೆ ಹೇಳಲು ಅವರಿಲ್ಲ.