ಕೌದಿ ಅವ್ವ ಆರಿಸಿದ ವಿಷಯ

ಅವಳ ಬಲಗೈಯ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒಣ ಉತ್ತತ್ತಿಯಂತೆ ಗಟ್ಟಿಯಾಗಿತ್ತು. ಸುಡುವ ಹಂಚಿನ ಮೇಲಿನ ರೊಟ್ಟಿಯನ್ನು ಆ ಬೆರಳಿನಿಂದಲೇ ತಿರುವುತ್ತಿದ್ದಳು. ಊರವರ ಹಳೆಯ ಸೀರೆ, ಧೋತರಗಳನ್ನು ಕೂಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ಹಾಗಾಗಿ ಇಡೀ ಓಣಿಗೆ ಅವಳು ಕೌದಿ ಅವ್ವ.

ನಿಜಾಮರ ಆಳ್ವಿಕೆಯ ಕಾಲವದು. ಕಮಲಾಪುರದಿಂದ ಹೈಸ್ಕೂಲಿಗೆಂದು ಕಲಬುರಗಿಗೆ ಬಂದ ನನ್ನನ್ನು ಅಪ್ಪ ಶರಣಬಸವೇಶ್ವರ ಗುಡಿಯ ಹತ್ತಿರವಿದ್ದ ಅವಳ ಮನೆಯಲ್ಲಿ ಇಟ್ಟಿದ್ದ. ಪ್ಲೇಗು ಅವಳ ಗಂಡನನ್ನೂ ಇಬ್ಬರು ಮಕ್ಕಳನ್ನೂ ಒಂದೇ ವಾರದಲ್ಲಿ ಒಯ್ದಿತ್ತು. ನನಗೆ ಅವಳು ಹಾಕಿದ್ದು ಒಂದೇ ಷರತ್ತು.

"ಏನರೆ ಓದು ತಮ್ಮಾ, ಖರೆ ಜೋರಾಗಿ ಓದು. ಮನ್ಯಾಗ ಮನುಷ್ಯಾರ ದನಿ ಇರಬೇಕು."

ನಾನು ಓದುತ್ತಿದ್ದದ್ದೆಲ್ಲ ಉರ್ದು, ಫಾರ್ಸಿ. ಅವಳಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೂ ಕೌದಿಯ ಮೇಲೆ ಬಾಗಿ ಕೂತು ಕೇಳುತ್ತಿದ್ದಳು. ನಾನು ಉಸಿರು ತೆಗೆದುಕೊಳ್ಳಲು ನಿಂತರೆ, "ಹಾಂ, ಮುಂದ?" ಎನ್ನುತ್ತಿದ್ದಳು. ಆ ಊರಿನಲ್ಲಿ ನನಗೂ ಬೇರೆ ಯಾರಿದ್ದರು? ಶಾಲೆ ಬಿಟ್ಟರೆ ಅವಳು, ಅವಳನ್ನು ಬಿಟ್ಟರೆ ಶಾಲೆ.

ಹೆಡ್‌ಮಾಸ್ತರರು ಒಮ್ಮೆ ವಿಜ್ಞಾನದ ಪುಸ್ತಕವೊಂದನ್ನು ಓದಲು ಕೊಟ್ಟರು. ನೀರಿನೊಳಗೆ ವಸ್ತು ಹಗುರವಾಗುತ್ತದೆ ಎಂದು ಓದಿದವನೇ ಎದ್ದು ಹಿತ್ತಲಿನ ಬಾವಿಗೆ ಓಡಿದೆ. ಕೊಡವನ್ನು ಮುಳುಗಿಸುವುದು, ಎತ್ತುವುದು, ಮತ್ತೆ ಮುಳುಗಿಸುವುದು. "ಹಗ್ಗ ಹರೀತದೋ ನಿನ್ನ!" ಎಂದು ಒಳಗಿನಿಂದ ಬೈದಳು. ನಾನು ಕೇಳಿಸಿಕೊಂಡರೆ ತಾನೆ!

ಆ ವರ್ಷದ ಕೊನೆಗೆ ಮೇಲಿನ ತರಗತಿಗೆ ವಿಷಯ ಆರಿಸಬೇಕಾಯಿತು. ಫಾರ್ಸಿ ತೆಗೆದುಕೊಂಡರೆ ಇನ್ನೆರಡು ವರ್ಷ ಕಲಬುರಗಿಯಲ್ಲೇ, ಅವಳ ಮನೆಯಲ್ಲೇ ಇರಬಹುದಿತ್ತು. ವಿಜ್ಞಾನ ನಮ್ಮ ಶಾಲೆಯಲ್ಲಿರಲಿಲ್ಲ. ಅದು ಬೇಕೆಂದರೆ ಹೈದರಾಬಾದಿಗೇ ಹೋಗಬೇಕು. ಫಾರ್ಸಿ ಕಲಿತು ನಾನು ತಹಸೀಲ ಕಚೇರಿಯ ಕುರ್ಚಿಯಲ್ಲಿ ಕೂರಬೇಕೆಂಬುದು ಅಪ್ಪನ ಆಸೆ. ಕಮಲಾಪುರದ ಕೆಂಬಾಳೆಯ ಗೊನೆಯೊಂದನ್ನು ಬಂಡಿಯಲ್ಲಿ ಹಾಕಿಕೊಂಡು ಬಂದ ಅಪ್ಪ, "ಫಾರ್ಸಿ ಅಂತ ಬರಿ" ಎಂದ. ಎದುರು ಮಾತಾಡುವ ಧೈರ್ಯ ನನಗೆಲ್ಲಿತ್ತು? "ಹೂಂ" ಎಂದೆ.

ಮೂಲೆಯಲ್ಲಿ ಹೊಲಿಯುತ್ತಿದ್ದ ಕೌದಿ ಅವ್ವ ಬಾಯಿ ತೆರೆದಳು.

"ಅಣ್ಣಾರ, ನಾ ಓದಿದಾಕಿ ಅಲ್ರಿ. ಖರೆ ದಿನಾ ಕೇಳ್ತೀನಿ. ಫಾರ್ಸಿ ಓದಿದ್ರ ಈ ಹುಡುಗ ಕುಂತಲ್ಲೇ ಕುಂತು ಪುಸ್ತಕ ಮುಚ್ತಾನ. ಆ ಇನ್ನೊಂದು ಪುಸ್ತಕ ಓದಿದ್ರ ಎದ್ದು ಬಾವಿಗಿ ಓಡ್ತಾನ್ರಿ. ಅದನ್ನೇ ಓದಸ್ರಿ."

ಅಪ್ಪ ದಂಗಾದ. "ಹೈದರಾಬಾದಿಗಿ ಹ್ವಾದ್ರ ನಿಮ್ಮ ಮನಿ ಖಾಲಿ ಆಗ್ತದ. ಅದರ ಖಬರ್ ಅದೇನವ್ವ?"

ಅವಳ ಸೂಜಿ ನಿಂತಿತು.

"ಖಬರ್ ಅದ ರೀ," ಎಂದಳು. ಆಮೇಲೆ ದಾರ ಏರಿಸುವ ನೆಪದಲ್ಲಿ ಮುಖ ಆಚೆ ತಿರುಗಿಸಿದಳು.

ಕೊನೆಗೆ ಅಪ್ಪ ಒಪ್ಪಿದ. ಹೊರಡುವ ದಿನ ಅವಳು ಸ್ಟೇಷನ್ನಿಗೆ ಬರಲಿಲ್ಲ. "ನಡಿ, ನಡಿ, ಗಾಡಿ ತಪ್ಪೀತು" ಎಂದು ಬಾಗಿಲಲ್ಲೇ ಅವಸರಪಡಿಸಿದಳು. ಗಾಡಿ ಬರಲು ಇನ್ನೂ ಎರಡು ತಾಸು ಇತ್ತು.

ಹೈದರಾಬಾದಿನ ಹಾಸ್ಟೆಲಿನಲ್ಲಿ ಜೋರಾಗಿ ಓದಿದರೆ ನಗುತ್ತಿದ್ದರು. ಮನಸ್ಸಿನಲ್ಲೇ ಓದುವುದನ್ನು ಕಲಿತೆ. ಅಪ್ಪನಿಗೆ ತಿಂಗಳಿಗೊಂದು ಕಾಗದ ಹಾಕುತ್ತಿದ್ದೆ. ಅವಳಿಗೆ ಒಂದನ್ನೂ ಹಾಕಲಿಲ್ಲ. ಓದು ಬಾರದವಳಿಗೆ ಕಾಗದವೇಕೆ ಎಂದುಕೊಂಡ ಮಹಾ ಬುದ್ಧಿವಂತ ನಾನು!

ಎರಡನೆಯ ವರ್ಷದ ರಜೆಯಲ್ಲಿ ಹೋದಾಗ ಆ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಹೊರಗೆ ಬಂದಳು.

"ಆಕಿ ಹೋಗಿ ತಿಂಗಳಾತಪ್ಪ. ಜ್ವರ ಬಂದಿತ್ತು. ಟಪಾಲಿನಂವ ಓಣ್ಯಾಗ ಬಂದ್ರ ಸಾಕು, ಹೊಸ್ತಿಲಕ ಬಂದು ನಿಲ್ತಿದ್ಳು. ನಿನ್ನ ಕಾಗದ ಬಂದ್ರ ಓದಿ ಹೇಳು ಅಂತ ನನ್ನ ಮಗನಿಗಿ ಹೇಳಿಟ್ಟಿದ್ಳು."

ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಮುಂದೆ ಮೂವತ್ತು ವರ್ಷ ವಿಜ್ಞಾನ ಕಲಿಸಿದೆ. ಆ ಬದುಕು ಅವಳು ಕೊಟ್ಟದ್ದು. ಒಂದು ಕಾರ್ಡು, ನಾಲ್ಕು ಸಾಲು. ಅಷ್ಟನ್ನು ನಾನು ಕೊಡಲಿಲ್ಲ.